ಬೋರ್‌ವೆಲ್ ನೀರು: ಮೂರೂವರೆ ಲಕ್ಷದ ಸಾಫ್ಟನರ್ ಬೇಕೇ, ಬೇಡವೇ?

ಸಂಘದ ಕಾರ್ಯದರ್ಶಿ:
ಎಲ್ಲರಿಗೂ ನಮಸ್ಕಾರ. ಎರಡನೇ ಬೋರ್‌ವೆಲ್ ನೀರು ಬಿಟ್ಟಾಗಿನಿಂದ ದೂರುಗಳು ನಿಂತಿಲ್ಲ. ಗೀಸರ್ ಕಾಯಿಲ್ ಸುಟ್ಟುಹೋಗುತ್ತಿವೆ, ಶವರ್ ತೂತುಗಳು ಕಟ್ಟಿಕೊಳ್ಳುತ್ತಿವೆ. ಇಡೀ ಬಡಾವಣೆಗೆ ಒಂದೇ ಸಾಫ್ಟನರ್ (ನೀರಿನ ಗಡಸುತನ, ಅಂದರೆ ಸುಣ್ಣದಂಶ ತೆಗೆಯುವ ಯಂತ್ರ) ಕೂರಿಸಲು ಮಾರಾಟಗಾರರೊಬ್ಬರು ಮೂರೂವರೆ ಲಕ್ಷ ರೂಪಾಯಿ ಹೇಳಿದ್ದಾರೆ. ಮನೆಗೆ ಸುಮಾರು 4,000 ರೂಪಾಯಿ ಬೀಳುತ್ತದೆ. ಭಾನುವಾರದ ಸಭೆಯಲ್ಲಿ ತೀರ್ಮಾನ.

ಮನೆ 41:
ಇದರಲ್ಲಿ ಚರ್ಚೆ ಏನಿದೆ? ಟಿಡಿಎಸ್ (ನೀರಿನಲ್ಲಿ ಕರಗಿರುವ ಒಟ್ಟು ಪದಾರ್ಥ, ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ) ಮೀಟರ್ 980 ತೋರಿಸುತ್ತಿದೆ. ಸಾಫ್ಟನರ್ ಹಾಕಿದರೆ 300ಕ್ಕೆ ಇಳಿಯುತ್ತದೆ ಎಂದು ಅವರೇ ಹೇಳಿದ್ದಾರೆ. ಹಣ ಕಟ್ಟಿ ಮುಗಿಸೋಣ.

ಮನೆ 27:
ಅದೇ ಮಾರಾಟಗಾರರು ನಮ್ಮ ಮನೆಗೂ ಬಂದಿದ್ದರು. ಎರಡು ಲೋಟಗಳಲ್ಲಿ ಬೋರ್ ನೀರು, ಆರ್‌ಒ (ಪೊರೆಯ ಮೂಲಕ ಸೋಸಿದ) ನೀರು ಇಟ್ಟು, ಲೋಹದ ಕಡ್ಡಿಗಳಿರುವ ಒಂದು ಯಂತ್ರವನ್ನು ಅದ್ದಿ ವಿದ್ಯುತ್ ಹಾಯಿಸಿದರು. ಒಂದು ನಿಮಿಷದಲ್ಲಿ ಬೋರ್ ನೀರು ಚರಂಡಿಯ ಬಣ್ಣಕ್ಕೆ ತಿರುಗಿ ಮೇಲೆ ಕಂದು ನೊರೆ ಕಟ್ಟಿತು. ಆರ್‌ಒ ನೀರು ಹಾಗೆಯೇ ಇತ್ತು. ಅಂದಿನಿಂದ ನಮ್ಮ ಅತ್ತೆಯವರು ನಲ್ಲಿಯ ನೀರು ಮುಟ್ಟುತ್ತಿಲ್ಲ.

ಮನೆ 9 (ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕರು):
ಅತ್ತೆಯವರಿಗೆ ಧೈರ್ಯ ಹೇಳಿ. ಆ ಕೊಳೆ ನೀರಿನೊಳಗಿಂದ ಬಂದದ್ದಲ್ಲ, ಕಬ್ಬಿಣದ ಕಡ್ಡಿಯೇ ಕರಗಿ ತುಕ್ಕಾಗಿ ತೇಲಿದ್ದು. ಲವಣ ಕರಗಿದ ನೀರಿನಲ್ಲಿ ಅಯಾನುಗಳಿರುವುದರಿಂದ ವಿದ್ಯುತ್ ಹರಿಯುತ್ತದೆ, ಕಡ್ಡಿ ಸವೆಯುತ್ತದೆ. ಆರ್‌ಒ ನೀರಿನಲ್ಲಿ ಲವಣ ಅತ್ಯಲ್ಪ, ಹಾಗಾಗಿ ಏನೂ ಆಗುವುದಿಲ್ಲ. ಅವರು ಮತ್ತೆ ಬಂದರೆ ಆರ್‌ಒ ಲೋಟಕ್ಕೆ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿ ಅದೇ ಪ್ರಯೋಗ ಮಾಡಲು ಹೇಳಿ. ಅದೂ ಕಂದಾಗುತ್ತದೆ.

41ರವರಿಗೆ: ಸಾಫ್ಟನರ್ ಟಿಡಿಎಸ್ ಇಳಿಸುತ್ತದೆ ಎಂದು ಯಾರು ಹೇಳಿದರೂ ನಂಬಬೇಡಿ. ಅದರೊಳಗಿನ ರೆಸಿನ್ ಮಣಿಗಳು ಕ್ಯಾಲ್ಸಿಯಂ, ಮೆಗ್ನೀಷಿಯಂ ಹಿಡಿದಿಟ್ಟುಕೊಂಡು ಬದಲಿಗೆ ಸೋಡಿಯಂ ಬಿಡುತ್ತವೆ. 40 ಗ್ರಾಂ ಕ್ಯಾಲ್ಸಿಯಂ ಹೋದರೆ 46 ಗ್ರಾಂ ಸೋಡಿಯಂ ಬರುತ್ತದೆ. ಕರಗಿದ ಒಟ್ಟು ಪದಾರ್ಥ ಕಡಿಮೆಯಾಗುವುದಿರಲಿ, ಕೂದಲೆಳೆಯಷ್ಟು ಹೆಚ್ಚುತ್ತದೆ. ಗೀಸರ್ ಉಳಿಯುತ್ತದೆ, ಸೋಪು ನೊರೆ ಬರುತ್ತದೆ, ಅದು ನಿಜ. ಆದರೆ 300 ಎಂಬ ಮಾತು ಶುದ್ಧ ಸುಳ್ಳು.

ಮನೆ 12:
ಮೇಷ್ಟ್ರೇ, ನಮ್ಮ ಮನೆಯಲ್ಲಿ ತೊಗರಿಬೇಳೆ ಬೇಯುವುದೇ ಇಲ್ಲ. ಕುಕ್ಕರ್ ಐದಾರು ಸೀಟಿ ಕೂಗಿದರೂ ಬೇಳೆ ಬೇರೆ, ನೀರು ಬೇರೆ. ಉಪ್ಪಿನಂಶವಿರುವ ನೀರು ತಡವಾಗಿ ಕುದಿಯುತ್ತದೆ, ಅದಕ್ಕೇ ಗ್ಯಾಸ್ ಖಾಲಿಯಾಗುತ್ತಿದೆ ಎನ್ನುತ್ತಾನೆ ಮಗ. ಹೌದೇ?

ಮನೆ 9:
ಲವಣ ಕರಗಿದರೆ ಕುದಿಯುವ ಬಿಂದು ಏರುತ್ತದೆ ಎಂಬುದು ಸರಿ ಅಮ್ಮ, ಆದರೆ ಎಷ್ಟು ಎಂದು ಲೆಕ್ಕ ಹಾಕಬೇಕಲ್ಲ. ನಮ್ಮ ನೀರಿನಲ್ಲಿ ಲೀಟರಿಗೆ ಒಂದು ಗ್ರಾಂ ಲವಣವೂ ಇಲ್ಲ. ಅಷ್ಟಕ್ಕೆ ಏರುವುದು ಒಂದು ಡಿಗ್ರಿಯ ಐವತ್ತರಲ್ಲಿ ಒಂದು ಭಾಗ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಹೆಚ್ಚು ಎತ್ತರದಲ್ಲಿರುವುದರಿಂದ ಇಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಆ ಮೂರು ಡಿಗ್ರಿಯ ಮುಂದೆ ಇದು ಲೆಕ್ಕಕ್ಕೇ ಬಾರದು. ಬೇಳೆ ಬೇಯದಿರಲು ಕಾರಣ ಕ್ಯಾಲ್ಸಿಯಂ. ಕಾಳಿನ ಜೀವಕೋಶಗಳನ್ನು ಅಂಟಿಸಿಡುವ ಪೆಕ್ಟಿನ್ ಜೊತೆ ಸೇರಿ ಅದನ್ನು ಬಿಗಿಗೊಳಿಸುತ್ತದೆ. ಬೇಳೆಗೆ ಮಾತ್ರ ಆರ್‌ಒ ನೀರು ಹಾಕಿ ನೋಡಿ.

ಮನೆ 33:
ಗೀಸರ್‌ನಲ್ಲಿ ಬಿಳಿ ಗಟ್ಟಿ ಪದರ ಕೂರುವುದು ಏಕೆ? ಸಕ್ಕರೆ ಬಿಸಿ ನೀರಿನಲ್ಲಿ ಚೆನ್ನಾಗಿ ಕರಗುತ್ತದೆ, ಇದು ಬಿಸಿಯಲ್ಲೇ ಗಟ್ಟಿಯಾಗುತ್ತದಲ್ಲ?

ಮನೆ 9:
ಒಳ್ಳೆಯ ಪ್ರಶ್ನೆ. ಸುಣ್ಣಕಲ್ಲು ಬರೀ ನೀರಿನಲ್ಲಿ ಹೆಚ್ಚುಕಡಿಮೆ ಕರಗುವುದೇ ಇಲ್ಲ. ಮಣ್ಣಿನಲ್ಲಿಳಿಯುವ ನೀರು ಇಂಗಾಲದ ಡೈಆಕ್ಸೈಡ್ ಹೀರಿಕೊಂಡಾಗ ಮಾತ್ರ ಅದು ಬೈಕಾರ್ಬೊನೇಟ್ ಆಗಿ ಕರಗುತ್ತದೆ. ನೀರು ಕಾದಂತೆ ಅನಿಲಕ್ಕೆ ಅದರಲ್ಲಿ ಜಾಗ ಕಡಿಮೆ. ತಣ್ಣಗಿನ ಸೋಡಾದ ಮುಚ್ಚಳ ತೆಗೆದರೆ ಸುಮ್ಮನಿರುತ್ತದೆ, ಬಿಸಿಲಲ್ಲಿಟ್ಟದ್ದನ್ನು ತೆಗೆದರೆ ಉಕ್ಕುತ್ತದೆ, ಅಲ್ಲವೇ? ಗೀಸರ್‌ನಲ್ಲಿ ಅನಿಲ ಹೊರಟುಹೋದ ಮೇಲೆ ಕ್ಯಾಲ್ಸಿಯಂ ಕಾರ್ಬೊನೇಟ್ ಮತ್ತೆ ಕಲ್ಲಾಗಿ ಕಾಯಿಲ್ ಮೇಲೆ ಕೂರುತ್ತದೆ. ಕಲ್ಲಿನ ಕವಚದೊಳಗೆ ಸಿಕ್ಕ ಕಾಯಿಲ್ ತನ್ನ ಶಾಖವನ್ನು ನೀರಿಗೆ ಕೊಡಲಾಗದೆ ಸುಡುತ್ತದೆ. ಶವರ್ ತಲೆಯನ್ನು ಬಿಚ್ಚಿ ಸಿಟ್ರಿಕ್ ಆಮ್ಲದ ನೀರಿನಲ್ಲಿ ರಾತ್ರಿ ನೆನೆಸಿ. ಗುಳ್ಳೆಯೇಳುತ್ತಾ ಕರಗುತ್ತದೆ.

ನನ್ನ ಕೋರಿಕೆ ಇಷ್ಟೇ. ಯಂತ್ರದ ಮಾತಿಗೆ ಮೊದಲು ನೀರನ್ನು ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಳುಹಿಸೋಣ. ಟಿಡಿಎಸ್ ಮೀಟರ್ ನೀರಿನ ವಿದ್ಯುತ್ ವಾಹಕತೆಯನ್ನು ಅಳೆದು ಒಂದು ಸಂಖ್ಯೆಯಿಂದ ಗುಣಿಸಿ ಹೇಳುತ್ತದೆ, ಅಷ್ಟೇ. ಕರಗಿರುವುದು ಸುಣ್ಣವೋ ಉಪ್ಪೋ ನೈಟ್ರೇಟೋ ಅದಕ್ಕೆ ಗೊತ್ತಿಲ್ಲ. ಸಕ್ಕರೆ ಪಾನಕದಲ್ಲಿ ಅದ್ದಿದರೆ ಸಕ್ಕರೆಯ ಸುಳಿವೇ ಅದಕ್ಕೆ ಸಿಗದು.

ಮನೆ 41:
ಮತ್ತೊಂದು ವಾರ ಹೋಗುತ್ತದೆ. ಆಗಲಿ. ಮಾದರಿ ನಾನೇ ತಲುಪಿಸುತ್ತೇನೆ, ಆ ಕಡೆಗೇ ನನ್ನ ಕಚೇರಿ.

ಮನೆ 9:
ಬಹಳ ಉಪಕಾರ. ಪಂಪ್ ಹಾಕಿ ಹತ್ತು ನಿಮಿಷ ನೀರು ಹರಿಯಬಿಡಿ. ಸಂಪ್‌ನಿಂದ ಬೇಡ, ಬೋರ್ ಪೈಪಿನಿಂದಲೇ ಹಿಡಿಯಿರಿ. ಬಾಟಲಿಯನ್ನು ಅದೇ ನೀರಿನಿಂದ ಮೂರು ಬಾರಿ ತೊಳೆದು ಕಂಠದವರೆಗೆ ತುಂಬಿಸಿ. ಬ್ಯಾಕ್ಟೀರಿಯಾ ಪರೀಕ್ಷೆಗೆ ಅವರೇ ಕೊಡುವ ಬಾಟಲಿಯನ್ನು ಮಾತ್ರ ತೊಳೆಯಬೇಡಿ.

ಸಂಘದ ಕಾರ್ಯದರ್ಶಿ:
ವರದಿ ಬಂದಿದೆ. ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ: ಟಿಡಿಎಸ್ 870, ಒಟ್ಟು ಗಡಸುತನ 540, ಫ್ಲೋರೈಡ್ 0.9, ನೈಟ್ರೇಟ್ 62. ಮೇಷ್ಟ್ರು ಬಿಡಿಸಿ ಹೇಳಬೇಕು.

ಮನೆ 9:
ಭಾರತೀಯ ಮಾನಕ ಐಎಸ್ 10500 (2012) ಪ್ರಕಾರ ಟಿಡಿಎಸ್ 500ರೊಳಗಿದ್ದರೆ ಒಳ್ಳೆಯದು, ಬೇರೆ ನೀರಿಲ್ಲದಿದ್ದರೆ 2,000ದವರೆಗೆ ಒಪ್ಪಬಹುದು. ಗಡಸುತನಕ್ಕೆ 200 ಮತ್ತು 600. ಫ್ಲೋರೈಡ್ ಮಿತಿಯೊಳಗಿದೆ. ನೈಟ್ರೇಟ್‌ಗೆ ಮಾತ್ರ 45 ದಾಟಲು ಯಾವ ರಿಯಾಯಿತಿಯೂ ಇಲ್ಲ. ನಮ್ಮ ತಲೆನೋವು ಸುಣ್ಣವಲ್ಲ, ಇದು. ಆರು ತಿಂಗಳೊಳಗಿನ ಕೂಸುಗಳಿಗೆ ಈ ನೀರಿನಲ್ಲಿ ಹಾಲಿನ ಪುಡಿ ಕಲಸಿ ಕೊಡಬಾರದು, ರಕ್ತ ಆಮ್ಲಜನಕ ಒಯ್ಯುವ ಶಕ್ತಿ ಕುಗ್ಗುತ್ತದೆ. ಕುದಿಸಿದರೆ ಹೋಗುವುದಿಲ್ಲ. ನೀರು ಆವಿಯಾಗಿ ನೈಟ್ರೇಟ್ ಉಳಿಯುವುದರಿಂದ ಇನ್ನಷ್ಟು ದಟ್ಟವಾಗುತ್ತದೆ. ಆ ಸಾಫ್ಟನರ್ ಇದನ್ನು ಮುಟ್ಟುವುದೂ ಇಲ್ಲ.

ಮನೆ 18:
ನಮ್ಮ ಮಗುವಿಗೆ ನಾಲ್ಕು ತಿಂಗಳು. ಮನೆಯ ಆರ್‌ಒ ಸಾಕೇ?

ಮನೆ 9:
ಆರ್‌ಒ ಪೊರೆ ನೈಟ್ರೇಟನ್ನು ಬಹುಪಾಲು ತಡೆಯುತ್ತದೆ, ಆದರೆ ಪೊರೆ ಹಳೆಯದಾಗಿದ್ದರೆ ಹೇಳಲಾಗದು. ಅದರಿಂದ ಹೊರಬರುವ ನೀರನ್ನೂ ಒಮ್ಮೆ ಪರೀಕ್ಷೆಗೆ ಕೊಡಿ. ಅಲ್ಲಿಯವರೆಗೆ ಮಗುವಿಗೆ ಕ್ಯಾನ್ ನೀರು ಬಳಸಿ, ವೈದ್ಯರಿಗೂ ಒಂದು ಮಾತು ತಿಳಿಸಿ.

ಮನೆ 33:
ನೈಟ್ರೇಟ್ ಬಂದದ್ದು ಎಲ್ಲಿಂದ? ಎರಡನೇ ಬೋರ್‌ನ ಪಕ್ಕದ ಖಾಲಿ ನಿವೇಶನದಲ್ಲಿ ಯಾರದೋ ಶೌಚದ ಗುಂಡಿ ಇದೆಯಲ್ಲ, ಕಾರ್ಯದರ್ಶಿಗಳೇ?

ಸಂಘದ ಕಾರ್ಯದರ್ಶಿ:
ಇದೆ. ಅದು ಯಾರದೆಂದೂ ಗೊತ್ತು, ಭಾನುವಾರ ಅವರನ್ನೂ ಸಭೆಗೆ ಕರೆಯುತ್ತೇನೆ. ಸಾಫ್ಟನರ್ ವಿಷಯ ಸದ್ಯ ಮುಂದಕ್ಕೆ. ಕುಡಿಯುವ ನೀರಿಗೆ ಮೊದಲ ಬೋರ್‌ನಿಂದ ಪ್ರತ್ಯೇಕ ಲೈನ್ ಎಳೆಯಲು ಪ್ಲಂಬರ್ ಅಂದಾಜು ಕೊಡುತ್ತಾರೆ. ಆ ಬೋರ್ ನೀರನ್ನೂ ಪರೀಕ್ಷೆಗೆ ಕಳುಹಿಸಬೇಕು.

ಮನೆ 41:
ನಾಳೆ ಬೆಳಿಗ್ಗೆ ಏಳಕ್ಕೆ ಪಂಪ್‌ಹೌಸ್ ಬೀಗ ತೆಗೆಸಿ. ಬಾಟಲಿ ನನ್ನ ಬಳಿ ಇದೆ.