ಪದಚರ್ಚೆ: ಭೂಮಿಯನ್ನು ‘ಜೂಮ್’ ಮಾಡುವುದೋ, ಕಣ್ಣು ಇಳಿಸುವುದೋ?

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಿಂದ ಬರೆಯುತ್ತಿದ್ದೇನೆ. ಗೂಗಲ್ ಅರ್ಥ್‌ನಲ್ಲಿ ಊರು, ದೇಶ ನೋಡುವುದು ಹೇಗೆ ಅಂತ ಹೈಸ್ಕೂಲು ಮಕ್ಕಳಿಗೆ ಎರಡು ಪುಟದ ಟಿಪ್ಪಣಿ ಮಾಡಿಕೊಡಲು ಒಪ್ಪಿಕೊಂಡು, ‘ಜೂಮ್ ಇನ್’ ಹತ್ತಿರವೇ ಸಿಕ್ಕಿಹಾಕಿಕೊಂಡಿದ್ದೇನೆ. ಮೊದಲು ‘ಹಿಗ್ಗಿಸು’ ಅಂತ ಬರೆದಿದ್ದೆ. ಅದು ಯಾಕೋ ಸರಿಯಿಲ್ಲ ಅನ್ನಿಸಿದ್ದು ಹಿರಿಯೂರು ಕಡೆಯ ನಮ್ಮ ದೊಡ್ಡಪ್ಪನಿಂದ.

ಹಬ್ಬಕ್ಕೆ ಬಂದಿದ್ದರು. ಅವರ ತೋಟ ತೋರಿಸೋಣ ಅಂತ ಲ್ಯಾಪ್‌ಟಾಪಿನ ಮುಂದೆ ಕೂರಿಸಿಕೊಂಡೆ. ಗೋಳ ತಿರುಗಿತು, ಇಂಡಿಯಾ ಬಂತು, ವೇದಾವತಿ ಬಂತು. ದೊಡ್ಡಪ್ಪ ಶುರುಮಾಡಿದರು: “ಇಳುಸ್ಲಾ... ಇನ್ನೊಂದೆರಡು ಪೈಪು ಇಳುಸು... ಹಾಂ ಹಾಂ, ಜಾಸ್ತಿ ಆತು, ಎತ್ತು ಎತ್ತು!” ಬೋರಿಗೆ ಮೋಟರು ಬಿಡುವಾಗ ಲಾರಿಯವನಿಗೆ ಕೂಗುವ ಮಾತೇ ಅದು. ಒಂದು ಪೈಪು ಅಂದರೆ 20 ಅಡಿ. ನಕ್ಕೆ, ಆಮೇಲೆ ಯೋಚನೆಗೆ ಬಿದ್ದೆ. ಫೋಟೋ ಜೂಮ್ ಮಾಡಿದರೆ ಫೋಟೋ ಹಿಗ್ಗುತ್ತೆ, ನಾವು ಇದ್ದಲ್ಲೇ ಇರುತ್ತೇವೆ. ಇಲ್ಲಿ ಭೂಮಿ ಇದ್ದಷ್ಟೇ ಇದೆ, ನೋಡುವ ಕಣ್ಣು ಕೆಳಗೆ ಬರುತ್ತೆ. ತಂತ್ರಾಂಶದ ಲೆಕ್ಕವೂ ಹಾಗೇ: ಕಣ್ಣು ಎಷ್ಟು ಎತ್ತರದಲ್ಲಿದೆ ಅಂತ ಕೆಳಮೂಲೆಯಲ್ಲಿ ಒಂದು ಅಂಕಿ ಓಡುತ್ತಿರುತ್ತೆ. ಹಾಗಾಗಿ ‘ಇಳಿಸು–ಎತ್ತು’ ಜೋಡಿಯೇ ಸರಿ ಅನ್ನುವುದು ನನ್ನ ವಾದ. ಒಪ್ಪದವರು ಮನೆಯಲ್ಲೇ ಇದ್ದಾರೆ. “ಜೂಮ್ ಅಂತ ಬರೀರಿ ಅಪ್ಪ, ಸಾಕು” ಅನ್ನುತ್ತಾಳೆ ಮಗಳು.

ಆ ಅಂಕಿಗೆ ಏನನ್ನೋಣ? ‘ಕಣ್ಣೆತ್ತರ’ ಅಂದರೆ ಗೋಡೆಗೆ ಕ್ಯಾಲೆಂಡರ್ ನೇತುಹಾಕುವ ಎತ್ತರ ಅಂದುಕೊಂಡಾರು. ‘ನೋಟದೆತ್ತರ’? ಇನ್ನೊಂದು ತೊಡಕೂ ಇದೆ, ಲೆಕ್ಕ ಸಮುದ್ರಮಟ್ಟದಿಂದ. ದಾವಣಗೆರೆ ಸುಮಾರು 600 ಮೀಟರ್ ಮೇಲಿರುವ ಊರು, ಪಿ.ಬಿ. ರಸ್ತೆಗೆ ಮೂಗು ತಾಗುವಷ್ಟು ಇಳಿದರೂ ಅಂಕಿ ಅದರ ಆಸುಪಾಸಲ್ಲೇ ನಿಲ್ಲುತ್ತೆ.

ತೋಟ ಕಂಡದ್ದೇ ದೊಡ್ಡಪ್ಪ ಫೋನು ಕೈಗೆತ್ತಿಕೊಂಡರು: “ಹುಡುಗುನ್ನ ತ್ವಾಟದಾಗೆ ನಿಂತ್ಕ ಅಂತೀನಿ, ಕಾಣ್ತಾನಾ ನೋಡು.” ಇದು ಈಗಿನದಲ್ಲ, ಬೇರೆ ಬೇರೆ ದಿನ ಉಪಗ್ರಹದಿಂದ, ವಿಮಾನದಿಂದ ತೆಗೆದ ಚಿತ್ರಗಳನ್ನು ಹೊಲಿದದ್ದು ಅಂತ ತಿಳಿಸಿ ಹೇಳಲು ಮಾರಿಕಣಿವೆ ಜಲಾಶಯ (ವಾಣಿವಿಲಾಸ ಸಾಗರ) ತೋರಿಸಬೇಕಾಯಿತು. ಬರದ ವರ್ಷದ ಹಳೆ ಚಿತ್ರದಲ್ಲಿ ನೀರು ಕೌದಿಯ ಒಂದು ತೇಪೆಯಷ್ಟು. 2022ರಲ್ಲಿ ಕೋಡಿ ಬಿತ್ತಲ್ಲ, 1933ರ ನಂತರ ಮೊದಲ ಸಲ, ಅದರ ಈಚಿನ ಚಿತ್ರದಲ್ಲಿ ಗುಡ್ಡದ ಸಂದಿಗೊಂದಿಗೆಲ್ಲ ನುಗ್ಗಿದೆ. ಹೀಗಿರುವಾಗ ಇಂಥ ಕಂಪ್ಯೂಟರ್ ಗೋಳಕ್ಕಿರುವ ಇಂಗ್ಲಿಷ್ ಹೆಸರು ‘ವರ್ಚುವಲ್ ಗ್ಲೋಬ್’ ಅನ್ನು ‘ಮಿಥ್ಯಾಗೋಳ’ ಅನ್ನಲು ನನಗೆ ಮನಸ್ಸಿಲ್ಲ. ನೀರು ನಿಜ, ತೋಟ ನಿಜ, ಹಳತು ಅಷ್ಟೇ. ‘ಮಾಯಾಗೋಳ’ ಅಂದರೆ ಜಾತ್ರೆಯ ಮ್ಯಾಜಿಕ್ಕು. ‘ತೆರೆಗೋಳ’ ಅಂತ ಒಂದು ಹೊಳೆದಿದೆ. ಬರೀ ‘ಭೂಗೋಳ’ ಸಾಕಿತ್ತು, ಆದರೆ ಶಾಲೆಯಲ್ಲಿ ಅದು ಪಾಠದ ಹೆಸರಾಗಿ ಕೂತುಬಿಟ್ಟಿದೆ. ಇಸ್ರೋ 2009ರಲ್ಲಿ ತನ್ನ ಇಂಥದೇ ಗೋಳಕ್ಕೆ ‘ಭುವನ್’ ಅಂತ ಹೆಸರಿಟ್ಟಿತು. ನಮ್ಮ ಬಾಯಿಗೆ ಅದು ‘ಭುವನ’; ಕೊನೆಯ ಅಕ್ಷರದ ಕುತ್ತಿಗೆ ಹಿಸುಕಿ ಯಾಕೆ ಬರೆಯಬೇಕೋ. ‘ಅರ್ಥ್’ ಅಂತೂ ಕೇಳಲೇಬೇಡಿ. ನನ್ನ ಟಿಪ್ಪಣಿಯ ತಲೆಬರಹ ನೋಡಿ “ಗೂಗಲ್ ಅರ್ಥ... ಏನರ್ಥ?” ಅಂದರು ದೊಡ್ಡಪ್ಪ.

ಕೊನೆಯದು ‘ಟಿಲ್ಟ್’. ಚಿತ್ರದುರ್ಗದ ಕೋಟೆಯನ್ನು ನೆತ್ತಿಯ ಮೇಲಿಂದ ನೋಡಿದರೆ ಬಂಡೆಗಳೆಲ್ಲ ಚೆಲ್ಲಿದ ಹುರಿಗಡಲೆ. ಏಳು ಸುತ್ತು ಎಣಿಸಲು ನನ್ನಿಂದಾಗಲಿಲ್ಲ. ಓರೆ ಮಾಡಿದರೆ ಗುಡ್ಡ ಮೇಲೇಳುತ್ತೆ, ಆದರೆ ಬಂಡೆಗಳು ಬೇಸಿಗೆಯಲ್ಲಿ ಇಳಿದ ಬೆಲ್ಲದ ಹಾಗೆ ಜೋತುಬಿದ್ದಿರುತ್ತವೆ. ಓಬವ್ವನ ಕಿಂಡಿ ಎರಡರಲ್ಲೂ ಸಿಗಲಿಲ್ಲ (ಹೈದರಾಲಿಯ ದಂಡಿಗೂ ಅದು ಸುಮ್ಮನೆ ಸಿಕ್ಕಿದ್ದಲ್ಲವಲ್ಲ). ‘ಓರೆ ಮಾಡು’, ‘ವಾಲಿಸು’ ಎರಡೂ ಬರೆದು ನೋಡಿದೆ. ಆದರೆ ವಾಲುವುದು ಗುಡ್ಡವಲ್ಲ, ಇಲ್ಲೂ ಕಣ್ಣೇ. ಬಗ್ಗಿ ನೋಡುತ್ತಿದ್ದವರು ಕತ್ತು ಎತ್ತಿದ ಹಾಗೆ. ‘ಕತ್ತೆತ್ತು’ ಅನ್ನೋಣವೆಂದರೆ ಮೇಲಿನ ‘ಎತ್ತು’ ಜೊತೆ ಡಿಕ್ಕಿ. ಇದೊಂದಕ್ಕಾದರೂ ಯಾರಾದರೂ ದಾರಿ ತೋರಿಸಿ, ಸೋಮವಾರ ಟಿಪ್ಪಣಿ ಜೆರಾಕ್ಸಿಗೆ ಹೋಗುತ್ತೆ.