ಸಮಸ್ಯೆ: ಸೆರೆಯೊಳಿದ್ದವ ಸಭೆಯೊಳಿದ್ದನು ಸೋತು ಗೆದ್ದವನು

ಸಂಚಾಲಕ, ಕಾಸರಗೋಡು:
ಈ ಬಾರಿಯ ಸಮಸ್ಯೆ ಭಾಮಿನಿ ಷಟ್ಪದಿಯ ಕೊನೆಯ ಪಾದ. ಅದಕ್ಕೆ ಹೊಂದುವ ಮೊದಲ ಐದು ಪಾದಗಳನ್ನು ಬರೆದು ಪದ್ಯ ತುಂಬುವುದೇ ಪೂರಣ. ಯಕ್ಷಗಾನ ಕವಿ ಪಾರ್ತಿಸುಬ್ಬನ ಸೀಮೆಯವರಿಗೆ ಭಾಮಿನಿಯ ಮೂರು ನಾಲ್ಕು ಮಾತ್ರೆಗಳ ಓಟವನ್ನು ವಿವರಿಸುವ ಅಗತ್ಯವಿಲ್ಲ. ಪ್ರಾಸಾಕ್ಷರ, ಅಂದರೆ ಪ್ರತಿ ಪಾದದ ಎರಡನೆಯ ಅಕ್ಷರ, ರಕಾರ; ಅದರ ಹಿಂದಿನ ಅಕ್ಷರ ಲಘು ಎಂಬುದನ್ನಷ್ಟೇ ನೆನಪಿಸುತ್ತೇನೆ. ನನ್ನ ಮನಸ್ಸಿನಲ್ಲಿ ಒಬ್ಬ ಲೋಕಸಭಾ ಸದಸ್ಯರಿದ್ದಾರೆ. ಆದರೆ ಪೂರಣಕಾರರಿಗೆ ಆ ಕಟ್ಟುಪಾಡಿಲ್ಲ.

ಕುಂಬಳೆಯಿಂದ:
ಇರುಳೊಳವತರಿಸಿದನು ಕಂಸನ
ತೆರೆಯೆ ಬೀಗವು ಯಮುನೆ ದಾಟಿದ
ಕುರುಸಭೆಗೆ ಸಂಧಾನಕೆಂದೈತಂದು ಕುಳಿತವನು
ಜರೆಯು ಬೆಸೆದವಗಂಜಿ ಮಧುರೆಯ
ತೊರೆದು ಕಟ್ಟಿದ ಕಡಲ ನಗರವ
ಸೆರೆಯೊಳಿದ್ದವ ಸಭೆಯೊಳಿದ್ದನು ಸೋತು ಗೆದ್ದವನು

ಸಂಚಾಲಕ:
ಅಚ್ಚುಕಟ್ಟಾಗಿದೆ. ಜರಾಸಂಧನಿಗೆ ಬೆನ್ನು ತೋರಿಸಿದ್ದನ್ನು ಸೋಲೆಂದು ಹಿಡಿದದ್ದು ಜಾಣತನ. ಆದರೆ ಸೆರೆ ಒಂದು ಕಡೆ, ಸಭೆ ಇನ್ನೊಂದು ಕಡೆ, ಸೋಲು ಮತ್ತೊಂದು ಕಡೆ ಉಳಿದುಬಿಟ್ಟಿವೆ. ಮೂರನ್ನೂ ಒಂದೇ ಘಟನೆ ಕಟ್ಟಿಹಾಕಿದರೆ ಪೂರಣಕ್ಕೆ ಬಲ ಬರುತ್ತದೆ.

ಬದಿಯಡ್ಕದಿಂದ:
ಬರಿದೆ ಬಂಧಿಸಲೇಕೆ ಎನ್ನುತ
ಹಿರಿಯ ಪೀಠದ ಮುಂದೆ ಕೇಳಿದ
ಬರೆದ ವಿಧಿಯೇ ಸಾಕು ಹೋಗೆಂದೊರೆದ ತೀರ್ಪಿನಲಿ
ಸರಳ ಹಿಂದಕೆ ಮರಳಿದಾತನ
ಕರೆದು ಕಳಿಸಿತು ಜನವು ದಿಲ್ಲಿಗೆ
ಸೆರೆಯೊಳಿದ್ದವ ಸಭೆಯೊಳಿದ್ದನು ಸೋತು ಗೆದ್ದವನು

ತಾವು ಎಣಿಸಿದ್ದು ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರನ್ನೇ ಎಂದು ನನ್ನ ಊಹೆ. 'ಎಕೆಜಿ' ಎಂದರೆ ಮೂರು ಲಘು, ಒಂದು ಗಣಕ್ಕೆ ಸರಿಯಾಗಿ ಕೂರುತ್ತದೆ. ಆದರೆ ಪಾದದ ಮೊದಲಿಗೆ ಇಟ್ಟರೆ ಪ್ರಾಸ ಕೆಡುವುದರಿಂದ ಹೆಸರನ್ನೇ ಬಿಟ್ಟೆ.

ಸಂಚಾಲಕ:
ಊಹೆ ಸರಿ. ಹೆಸರು ಬಿಟ್ಟದ್ದರಿಂದ ಪದ್ಯಕ್ಕೆ ಲಾಭವೇ ಆಗಿದೆ. 1947ರ ಆಗಸ್ಟ್ 15ರಂದೂ ಸೆರೆಮನೆಯಲ್ಲಿದ್ದ ಅವರನ್ನು ಗಣರಾಜ್ಯ ಬಂದ ಮೇಲೂ ಮುನ್ನೆಚ್ಚರಿಕೆಯ ಬಂಧನದ ಕಾಯ್ದೆಯಡಿ ಹಿಡಿದಿಟ್ಟಾಗ, ಅವರು ಕಾನೂನಿನ ಕ್ರಮವಿಲ್ಲದೆ ಯಾರ ಸ್ವಾತಂತ್ರ್ಯವನ್ನೂ ಕಸಿಯಬಾರದೆನ್ನುವ ಸಂವಿಧಾನದ 21ನೆಯ ವಿಧಿಯನ್ನು ಮುಂದಿಟ್ಟುಕೊಂಡು ಸುಪ್ರೀಂ ಕೋರ್ಟಿಗೆ ಹೋದರು. ಅವರ ಪರವಾಗಿ ವಾದಿಸಿದವರು ಮಂಗಳೂರಿನಲ್ಲಿ ವಕೀಲಿಕೆ ನಡೆಸಿದ್ದ ಎಂ.ಕೆ. ನಂಬಿಯಾರ್ ಎಂಬುದನ್ನು ನಮ್ಮ ಕಡೆಯವರು ಅಷ್ಟಾಗಿ ನೆನೆಯುವುದಿಲ್ಲ. ಶಾಸನಸಭೆ ಮಾಡಿದ ಕಾನೂನಿನ ಕ್ರಮವನ್ನು ಪಾಲಿಸಿದ್ದರೆ ಸಾಕು, ಆ ಕಾನೂನು ನ್ಯಾಯವಾದದ್ದೇ ಎಂದು ನ್ಯಾಯಾಲಯ ಅಳೆಯಬೇಕಾಗಿಲ್ಲ ಎಂದು ಆರು ನ್ಯಾಯಮೂರ್ತಿಗಳ ಪೀಠದ ಬಹುಮತ 1950ರ ಮೇ 19ರಂದು ತೀರ್ಪಿತ್ತಿತು. ತಮ್ಮ 'ಬರೆದ ವಿಧಿಯೇ ಸಾಕು' ಎಂಬ ಮೂರು ಮಾತಿನಲ್ಲಿ ಅದೆಲ್ಲ ಅಡಗಿದೆ. ಸೋಲು ಪೂರ್ತಿಯಾಗಿರಲಿಲ್ಲ ಎಂಬುದನ್ನೂ ಸೇರಿಸಬೇಕು: ಬಂಧನದ ಕಾರಣಗಳನ್ನು ನ್ಯಾಯಾಲಯಕ್ಕೂ ತಿಳಿಸಬಾರದೆಂದಿದ್ದ ಆ ಕಾಯ್ದೆಯ 14ನೆಯ ಸೆಕ್ಷನ್ ಅಂದೇ ಬಿದ್ದುಹೋಯಿತು. 1952ರಲ್ಲಿ ಕಣ್ಣೂರಿನ ಮತದಾರರು ಅವರನ್ನು ಮೊದಲ ಲೋಕಸಭೆಗೆ ಕಳಿಸಿದರು.

ಉಪ್ಪಳದಿಂದ:
ನನ್ನ ಪೂರಣ ಇನ್ನೂ ಮುಗಿದಿಲ್ಲ. ನಾಲ್ಕನೆಯ ಪಾದವನ್ನು 'ಅರಿಗಳೆದುರಲಿ ಮತದಿ ಸೋಲುತ' ಎಂದು ಇಟ್ಟಿದ್ದೇನೆ. ಹಿರಿಯರು ನೋಡಿ ಹೇಳಬೇಕು.

ಸಂಚಾಲಕ:
ಮಾತ್ರೆ ಸರಿಯಿದೆ, ಸಂಗತಿ ಸರಿಯಿಲ್ಲ. ಲೋಕಸಭೆಯ ಚುನಾವಣೆಯಲ್ಲಿ ಅವರು ಸೋತವರಲ್ಲ. ಕಣ್ಣೂರಿನ ಬಳಿಕ 1957, 1962 ಮತ್ತು 1967ರಲ್ಲಿ ಕಾಸರಗೋಡಿನಿಂದಲೂ 1971ರಲ್ಲಿ ಪಾಲಕ್ಕಾಡಿನಿಂದಲೂ ಗೆದ್ದರು. ಅವರು ಬಿಟ್ಟುಹೋದ ಕಾಸರಗೋಡಿನಲ್ಲಿ ಅದೇ 1971ರಲ್ಲಿ ಅವರದೇ ಪಕ್ಷದ ಇ.ಕೆ. ನಾಯನಾರ್ ಅವರೇ ರಾಮಚಂದ್ರನ್ ಕಡನ್ನಪ್ಪಳ್ಳಿಯವರ ಎದುರು ಸೋತದ್ದನ್ನು ನೋಡಿದರೆ, ಹಿಂದಿನ ಮೂರು ಗೆಲುವುಗಳಲ್ಲಿ ಪಕ್ಷದ ಪಾಲೆಷ್ಟು, ವ್ಯಕ್ತಿಯ ಪಾಲೆಷ್ಟು ಎಂದು ಯೋಚಿಸಬೇಕಾಗುತ್ತದೆ.

ಮಂಜೇಶ್ವರದಿಂದ:
ಸಂಚಾಲಕರು ಮನ್ನಿಸಬೇಕು. ಗೆದ್ದವರ ಲೆಕ್ಕ ಆಯಿತು, ಅವರ ಕ್ಷೇತ್ರದಲ್ಲಿದ್ದ ಕನ್ನಡಿಗರ ಲೆಕ್ಕ? 1956ರ ನವೆಂಬರ್ 1ರಂದು ದಕ್ಷಿಣ ಕನ್ನಡದಿಂದ ಕೇರಳಕ್ಕೆ ಸೇರಿದ ತಾಲೂಕಿನವರು ನಾವು. ಮರುವರ್ಷವೇ ನಮಗೆ ಸಿಕ್ಕಿದ ಲೋಕಸಭಾ ಸದಸ್ಯರು ಕಣ್ಣೂರಿನವರು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಸೇರಬೇಕೆಂದು ಗಡಿ ವಿವಾದದ ಮಹಾಜನ ಆಯೋಗ 1967ರಲ್ಲಿ ಹೇಳಿದಾಗಲೂ ದಿಲ್ಲಿಯಲ್ಲಿ ನಮ್ಮ ಪ್ರತಿನಿಧಿ ಅವರೇ. 'ಸೋತು' ಎಂಬುದಕ್ಕೆ ನಮ್ಮನ್ನೇ ಕರ್ತೃವಾಗಿಸಿ ಯಾರಾದರೂ ಪೂರಣ ಬರೆಯಲಿ.

ಸಂಚಾಲಕ:
ಆಕ್ಷೇಪಕ್ಕೆ ತೂಕವಿದೆ, ತಳ್ಳಿಹಾಕಲಾರೆ. ಆದರೆ ಅದೇ ಕ್ಷೇತ್ರದ ತೆಂಕಣ ಭಾಗದಲ್ಲಿ ಕಯ್ಯೂರು ಇತ್ತು. 1943ರ ಮಾರ್ಚ್ 29ರಂದು ನಾಲ್ವರು ರೈತ ಹೋರಾಟಗಾರರನ್ನು ಗಲ್ಲಿಗೇರಿಸಿದ ನೆನಪು ಅಲ್ಲಿ ಹಸಿಯಾಗಿತ್ತು. ಆ ಭಾಗದ ಮತದಾರರಿಗೆ ಗೋಪಾಲನ್ ಹೊರಗಿನವರೆನಿಸಲಿಲ್ಲ. ಒಂದೇ ಕ್ಷೇತ್ರದ ಎರಡು ತುದಿಗಳಿಗೆ ಒಬ್ಬನೇ ಮನುಷ್ಯ ಒಂದೇ ರೀತಿ ಕಾಣಬೇಕಾಗಿಲ್ಲ. ಇನ್ನು, ಒಬ್ಬನ ಸೋಲು ಇನ್ನೊಬ್ಬನ ಗೆಲುವು ಎಂದು ಹಂಚಿದರೆ ಸಮಸ್ಯೆಯ ಏಕವಚನ ಒಡೆಯುತ್ತದೆ, ವ್ಯಾಕರಣ ಒಪ್ಪದು.

ಮುಳ್ಳೇರಿಯದಿಂದ:
ಹರಣ ಹೋಗಿರೆ, ಹತ್ತು ತಿಂಗಳು
ಸರಿಯೆ, ಪೀಠವು ಹಳೆಯ ತೀರ್ಪನು
ಸರಿಸಿ ನುಡಿಯಿತು ನೀತಿಯಿಲ್ಲದ ವಿಧಿಗೆ ಬೆಲೆಯಿಲ್ಲ
ಅರುಹಲಾರೆನು ಸೋಲೊ ಗೆಲುವೋ
ಹೊರಗೆ ನಿಂತವರೆಂದರಿಂತುಟು
ಸೆರೆಯೊಳಿದ್ದವ ಸಭೆಯೊಳಿದ್ದನು ಸೋತು ಗೆದ್ದವನು

ಸಂಚಾಲಕ:
ಈ ಸಲದ ಮೇಲುಗೈ ಇದಕ್ಕೆ ಎಂಬುದು ನನ್ನ ತೀರ್ಮಾನ. ಗೋಪಾಲನ್ ತೀರಿಕೊಂಡದ್ದು 1977ರ ಮಾರ್ಚ್ 22ರಂದು. ಕಾನೂನಿನ ಕ್ರಮ ನ್ಯಾಯಯುತವೂ ಸಮಂಜಸವೂ ಆಗಿರಲೇಬೇಕೆಂದು ಮೇನಕಾ ಗಾಂಧಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು 1978ರ ಜನವರಿ 25ರಂದು. 1950ರಲ್ಲಿ ಭಿನ್ನಮತ ಬರೆದಿದ್ದ ನ್ಯಾಯಮೂರ್ತಿ ಫಜಲ್ ಅಲಿಯವರ ನಿಲುವಿಗೂ ಆಗ ಬೆಲೆ ಬಂತು. 1970ರ ಬ್ಯಾಂಕ್ ರಾಷ್ಟ್ರೀಕರಣದ ತೀರ್ಪಿನಲ್ಲೇ ಹಳೆಯ ತೀರ್ಪಿನ ಬುಡ ಸಡಿಲವಾಗಿತ್ತೆಂಬುದು ನಿಜವಾದರೂ ಆರು ಪಾದಗಳ ಪದ್ಯಕ್ಕೆ ಅದನ್ನೂ ಹೊರಿಸುವುದು ಬೇಡ. ಸೆರೆಯನ್ನೂ ಸಭೆಯನ್ನೂ ಸಮಸ್ಯೆಗೇ ಬಿಟ್ಟು, ಮುಳ್ಳೇರಿಯದವರು ಸೋಲು ಗೆಲುವುಗಳನ್ನು ಮಾತ್ರ ಕೈಗೆತ್ತಿಕೊಂಡಿದ್ದಾರೆ. ಐದನೆಯ ಪಾದದ 'ಇಂತುಟು' ಮಾತ್ರ ಗಣ ತುಂಬಿಸಲು ಬಂದಂತೆ ಕೇಳುತ್ತದೆ, ತಿದ್ದಬಹುದು.

ಉಪ್ಪಳದಿಂದ:
ಹಾಗಾದರೆ ನಾಲ್ಕನೆಯ ಪಾದವನ್ನು ಅಳಿಸಿ, ತುರ್ತು ಪರಿಸ್ಥಿತಿಯನ್ನು ವಿರೋಧಿಸಿ ಅವರು 1975ರ ಜುಲೈಯಲ್ಲಿ ಲೋಕಸಭೆಯಲ್ಲಿ ಆಡಿದ ಮಾತನ್ನು ತರಬಹುದೇ?

ಸಂಚಾಲಕ:
ಖಂಡಿತ ತರಬಹುದು. ಅಲ್ಲಿ ಸೆರೆಗೂ ಸಭೆಗೂ ನಡುವಿನ ದೂರ ಇನ್ನೂ ಕಡಿಮೆ. ಮಂಜೇಶ್ವರದವರ ಆಕ್ಷೇಪಕ್ಕಾಗಿಯೇ ಮುಂದಿನ ಸಮಸ್ಯೆಯನ್ನು ಈಗಲೇ ಕೊಟ್ಟುಬಿಡುತ್ತೇನೆ. ಛಂದಸ್ಸು ಅದೇ, ಪ್ರಾಸ ಡಕಾರ:

ಗಡಿಯ ದಾಟದೆ ಮನೆಯು ದಾಟಿತು ಗಡಿಯನಾ ದಿನದಿ