ಉ: ಕ್ಯಾಮ್ ಚೈನ್ ‘ಸ್ಲ್ಯಾಕ್’ – ಸಡಿಲವೋ ಜೋಲೋ?

ಇಂಜಿನ್ ರಿಪೇರಿ ಕೈಪಿಡೀಲಿ ಕ್ಯಾಮ್ ಚೈನಿನ (ಕ್ರ್ಯಾಂಕ್ ಅನ್ನೋ ಮುಖ್ಯ ದಂಡದಿಂದ ಕವಾಟ ತೆರೆಯೋ ಕ್ಯಾಮ್ ದಂಡಕ್ಕೆ ಹೋಗೋ ಚೈನ್) ‘ಸ್ಲ್ಯಾಕ್’ಗೆ ಕನ್ನಡದಲ್ಲಿ ಏನು ಬರೀಬೇಕು ಅಂತ ಕೇಳಿದೀರ. ಅದು ಇವತ್ತು ಸಂಜೆಗೆ ಅಚ್ಚಿಗೆ ಹೋಗ್ಬೇಕು ಅಂದಿದೀರ, ಅದಕ್ಕೆ ಉತ್ತರ ಮೊದಲು: ತೊಂದರೆ ಹೇಳೋ ಕಡೆ ‘ಚೈನ್ ಜೋಲು ಬಿದ್ದಿದೆ’ ಅಂತ ಹಾಕಿ, ‘ಸಡಿಲ’ ಅನ್ನೋದನ್ನ ಚೈನಿನ ‘ಸಡಿಲ ಬದಿ’ ಅನ್ನೋ ಹೆಸರಿಗೆ ಉಳಿಸ್ಕೊಳ್ಳಿ. ‘ಶಿಥಿಲತೆ’ ಬೇಡವೇ ಬೇಡ, ಅದು ಬೀಳೋ ಹಂಗಿರೋ ಗೋಡೆಗೆ ಹೇಳೋ ಮಾತು.

ಯಾಕಂದ್ರೆ ಕ್ರ್ಯಾಂಕ್ ಎಳೆಯೋ ಬದಿ ಬಿಗಿ, ಇನ್ನೊಂದು ಬದಿ ಸಡಿಲ, ಹೊಸ ಇಂಜಿನ್ನಲ್ಲೂ ಅಷ್ಟೇ. ಆ ಸಡಿಲ ಬದೀನ ಟೆನ್ಷನರ್ ಅನ್ನೋ ಭಾಗ ಕಡ್ಡಿ ಚಾಚಿ ಒತ್ತಿ ಹಿಡಿದಿರತ್ತೆ. ಸ್ಪ್ರಿಂಗ್ ಸೋತೋ ಕಡ್ಡಿ ಸಿಕ್ಕಾಕೊಂಡೋ ಒತ್ತೋದು ನಿಂತಾಗ ಚೈನ್ ಜೋಲು ಬೀಳತ್ತೆ, ತಣ್ಣಗಿರೋ ಇಂಜಿನ್ ಸ್ಟಾರ್ಟ್ ಮಾಡಿದ್ರೆ ಗಲಗಲ ಅನ್ನತ್ತೆ. ಎರಡಕ್ಕೂ ಒಂದೇ ಪದ ಇಟ್ರೆ ಓದೋನು ಸರಿಯಿರೋದನ್ನೇ ಕೆಟ್ಟಿದೆ ಅಂತ ಬಿಚ್ತಾನೆ.

ಚೈನ್ ಒರಗಿ ಓಡೋ ‘ಗೈಡ್’ಗೆ ‘ಮಾರ್ಗದರ್ಶಿ’ ಅಂದವ್ರು ಒಂದ್ಸಲ ಅದನ್ನ ಕೈಯಲ್ಲಿ ಹಿಡಿದು ನೋಡ್ಲಿ. ಉದ್ದದ ಪಟ್ಟಿ, ಮೇಲೆ ರಬ್ಬರೋ ಪ್ಲಾಸ್ಟಿಕ್ಕೋ, ಹಳೇದಾದ್ರೆ ಚೈನಿನ ಅಂಚು ಉಜ್ಜಿ ಉದ್ದಕ್ಕೂ ಗೆರೆ ಕೊರೆದಿರತ್ತೆ, ಕಿತ್ತ ಚೂರು ಆಯಿಲ್ ಜರಡೀಲಿ ಕೂತಿರತ್ತೆ. ‘ಪಟ್ಟಿ’ ಸಾಕು: ಬಿಗಿ ಬದಿಗಿರೋದು ಕದಲದ ಪಟ್ಟಿ, ಸಡಿಲ ಬದಿಗಿರೋದು ಒತ್ತುಪಟ್ಟಿ.

‘ಚೈನ್ ಹಿಗ್ಗಿದೆ’ ಅನ್ನೋದನ್ನೂ ತೆಗೀರಿ. ಲೋಹ ಹಿಗ್ಗಿರಲ್ಲ, ಒಂದೊಂದು ಪಿನ್ನೂ ಅದು ಕೂರೋ ತೂತೂ ಚೂರ್ಚೂರು ಸವೆದು ಎಲ್ಲಾ ಸೇರಿ ಉದ್ದ ಆಗಿರತ್ತೆ. ‘ಸವೆದು ಉದ್ದವಾಗಿದೆ’ ಅಂತ ಬರೆದ್ರೆ ಟೆನ್ಷನರ್ ಅಲ್ಲ, ಚೈನೇ ಬದಲಾಯಿಸ್ಬೇಕು ಅಂತ ಓದೋನಿಗೆ ಹೊಳೆಯತ್ತೆ.

‘ಸಡಿಲ’ ಶಿಥಿಲದ ತದ್ಭವ, ಅಚ್ಚಗನ್ನಡ ಅಲ್ಲ ಅಂತ ತಕರಾರು ತೆಗೆದವ್ರಿಗೆ: ನಮ್ಮ ಬಾಯಲ್ಲಿ ಪಳಗಿದ್ಮೇಲೆ ಅದು ನಮ್ದೇ. ಸಂಕೋಲೆನೂ ಶೃಂಖಲೆಯಿಂದ ಬಂದದ್ದು, ಅದನ್ನೂ ಬಿಡ್ತೀರಾ? ಅದೇ ಕಾರಣಕ್ಕೆ ಟೆನ್ಷನರ್‌ಗೆ ‘ಬಿಗಿಕ’ ಅನ್ನೋ ಹೊಸ ಪದಾನೂ ನಾನು ಒಪ್ಪಲ್ಲ, ಯಾರ ಬಾಯಲ್ಲೂ ಇಲ್ಲ, ಆ ಹೆಸರಲ್ಲಿ ಕೇಳಿದ್ರೆ ಪಾರ್ಟ್ ಸಿಗಲ್ಲ. ಟೆನ್ಷನರ್ ಟೆನ್ಷನರ್ರೇ ಇರ್ಲಿ.

ಅಂದಹಾಗೆ ನಿಮ್ಮ ಕರಡಲ್ಲಿ ‘ಟೆನ್ಷನರನ್ನು ಮತ್ತೆ ಬಿಗಿಗೊಳಿಸಿ’ ಅಂತಿದೆಯಲ್ಲ, ಪದಕ್ಕಿಂತ ಅದು ಅಪಾಯ. ತಾನೇ ಬಿಗಿಯಾಗೋ ಥರದ ಟೆನ್ಷನರ್ ಹೊರಚಾಚಿದ ಕಡ್ಡೀನ ಹಿಂದಕ್ಕೆ ಬಿಡಲ್ಲ, ಹಂಗೇ ಕೂರಿಸಿ ಬೋಲ್ಟ್ ತಿರುಗಿಸಿದ್ರೆ ಚೈನ್ ಅತಿಯಾಗಿ ಬಿಗಿದು ಪಟ್ಟಿ ಹಾಳಾಗತ್ತೆ. ‘ಕಡ್ಡಿಯನ್ನು ಒಳಕ್ಕೆ ಸರಿಸಿ ಹಿಡಿದು, ಟೆನ್ಷನರ್ ಕೂರಿಸಿ, ಬೋಲ್ಟ್ ಬಿಗಿದ ನಂತರ ಕಡ್ಡಿಯನ್ನು ಬಿಡಿ’ ಅಂತ ತಿದ್ದಿ ಕಳಿಸಿ.